ರಸ್ತೆಯ ಆ ಕಡೆ ಹೇಳ್ತೀನಿ ಅಂದ ಆರ್ವಿಡ್

ಆರ್ವಿಡ್ ನೈಗಾರ್ಡ್ ಸ್ಕಾಟ್ಲೆಂಡಿನವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಸುದ್ದಿಯವರ ತಲೆಗೆ ಇದು ಇವತ್ತಿಗೂ ಹೋಗಿಲ್ಲ. ಅವನ ಅಜ್ಜ ನಾರ್ವೆಯಿಂದ ಬಂದು, ಸಿಯಾಟಲ್‌ನಿಂದ ಉತ್ತರಕ್ಕಿರುವ ನಮ್ಮ ಸ್ಟೆನ್‌ಬೇ ಬಂದರಿನಲ್ಲಿ ಮೀನು ಹಿಡಿದವನು. ಅಪ್ಪನೂ ಅದನ್ನೇ ಮಾಡಿದ. ಆರ್ವಿಡ್‌ಗೆ ಮಾತ್ರ ದೋಣಿ ಹತ್ತಿದರೆ ವಾಂತಿ. ಹಾಗಾಗಿ ನೆಲವನ್ನೇ ನಂಬಿ ಟೈಲ್ಸ್ ಕೂರಿಸುವ ಮೇಸ್ತ್ರಿಯಾದ. ನನ್ನ ಕಾಫಿ ಅಂಗಡಿಯ ನೆಲ ಅವನದೇ ಕೆಲಸ.

ದಿನವಿಡೀ ಮೊಣಕಾಲೂರಿ ಕೂರುವವನಿಗೆ ಪ್ಯಾಂಟು ಒಂದು ಶನಿ. ಮಂಡಿಯ ಹಿಂದೆ ಬಟ್ಟೆ ಮುದುರಿಕೊಂಡು ಚರ್ಮ ಕಿತ್ತು ಬರುತ್ತಿತ್ತಂತೆ. ಒಂದು ಬೇಸಿಗೆಯಲ್ಲಿ ಬೀದಿ ಸಂತೆಗೆ ಹೋದವನು ಕಿಲ್ಟ್, ಅಂದರೆ ಸ್ಕಾಟ್ಲೆಂಡಿನ ಗಂಡಸರು ತೊಡುವ ಮೊಣಕಾಲುದ್ದದ ಲಂಗ, ತೊಟ್ಟುಕೊಂಡೇ ವಾಪಸು ಬಂದ. ಚೌಕಳಿಯ ಉಣ್ಣೆಯದಲ್ಲ, ದಪ್ಪ ಕ್ಯಾನ್ವಾಸಿನದು. ಹಿಂದೆ ನೆರಿಗೆ, ಎರಡೂ ಪಕ್ಕ ಕರಣೆ, ಟೇಪು ಹಿಡಿಸುವಷ್ಟು ದೊಡ್ಡ ಜೇಬು. ಅಂದಿನಿಂದ ಅವನು ಬೇರೆ ಏನನ್ನೂ ತೊಟ್ಟಿದ್ದು ನಾನು ಕಂಡಿಲ್ಲ. ಸಾವಿನ ಮನೆಗೆ ಹೋಗುವಾಗ ಕಪ್ಪನೆಯದಕ್ಕೆ ಇಸ್ತ್ರಿ ಹಾಕಿಕೊಳ್ಳುತ್ತಾನೆ, ಅಷ್ಟೇ. ಊರವರು ಒಂದಷ್ಟು ದಿನ ಕಿಚಾಯಿಸಿ ಸುಮ್ಮನಾದರು.

ಸುದ್ದಿಯವರು ಸುಮ್ಮನಾಗಲಿಲ್ಲ. ಬೇರೆ ಸುದ್ದಿ ಸಿಗದ ದಿನ ಅವರಿಗೆ ಆರ್ವಿಡ್‌ನ ನೆನಪಾಗುತ್ತದೆ. ಪತ್ರಿಕೆಯವರು ಸೊಂಟದಿಂದ ಕೆಳಗೆ ಫೋಟೋ ತೆಗೆದು ‘ಗಂಡಸರಿಗೂ ಬಂತೇ ಲಂಗ?’ ಎಂದು ತಲೆಬರಹ ಕೊಡುತ್ತಾರೆ. ಟಿವಿಯವರು ಅವನ ಮಾತಿನ ಮೇಲೆ ಸ್ಕಾಟ್ಲೆಂಡಿನ ವಾದ್ಯ ಬ್ಯಾಗ್‌ಪೈಪ್ ಊದಿಸುತ್ತಾರೆ. ಕಿಲ್ಟಿನೊಳಗೆ ಚಡ್ಡಿ ಹಾಕುವುದಿಲ್ಲವೆಂಬ ಹಳೇ ಮಾತು ಹಿಡಿದು, ಕೊನೆಗೆ ಎಲ್ಲರೂ ಕಣ್ಣು ಮಿಟುಕಿಸಿ ಕೇಳುವುದು ಒಂದೇ: ‘ಒಳಗೇನು ಹಾಕಿದ್ದೀರಿ?’ ಗ್ರಂಥಾಲಯದ ನೆಲದ ಮೇಲೆ ಅವನು ಟೈಲ್ಸ್ ಚೂರುಗಳಿಂದ ಒಂದು ತಿಮಿಂಗಿಲ ಮಾಡಿಕೊಟ್ಟಿದ್ದ. ನೋಡಿದರೆ ಮೆಟ್ಟಲು ಮನಸ್ಸು ಬಾರದಷ್ಟು ಚೆಂದ. ಅದರ ಬಗ್ಗೆ ಬರೆಯುತ್ತೇವೆಂದು ಬಂದವರು ಮುಖಪುಟ ತುಂಬ ಕಿಲ್ಟಿನ ಫೋಟೋ ಹಾಕಿದರು. ಅವನ ಬೂಟಿನ ಪಕ್ಕದಲ್ಲಿ ತಿಮಿಂಗಿಲದ ಬಾಲದ ತುದಿಯಷ್ಟೇ ಬಂದಿತ್ತು. ನನಗೆ ಮೈಯೆಲ್ಲ ಉರಿಯಿತು.

“ನೀನ್ಯಾಕೆ ಉರ್ಕೋತೀಯ ಮಾರಾಯ, ಬಾಲನಾದ್ರೂ ಬಂತಲ್ಲ,” ಎಂದು ಆರ್ವಿಡ್ ನಕ್ಕುಬಿಟ್ಟ.

ಅವನ ಹೆಂಡತಿ ಮಾರ್ಲಿಸ್ ಬಸ್ ಡ್ರೈವರ್ ಆಗಿದ್ದವಳು. ಊರಿಗೆ ಊರನ್ನೇ ಕೂರಿಸಿಕೊಂಡು ಓಡಾಡಿದ ಹೆಂಗಸು. ನಿವೃತ್ತಿಯಾದ ಮೇಲೆ ಸೊಂಟದ ಕೀಲು ಬದಲಾಯಿಸಬೇಕಾಯಿತು. ದಿನಾ ನೀರಿನಲ್ಲಿ ಕಾಲು ಆಡಿಸಿದರೆ ಮಾತ್ರ ನೆಟ್ಟಗಾಗುತ್ತದೆ ಎಂದರು ಡಾಕ್ಟರು. ಈಜುಕೊಳ ಅವರ ಮನೆಯೆದುರೇ ಇದೆ. ನಡುವೆ ಹೆದ್ದಾರಿ. ಜೀಬ್ರಾ ಪಟ್ಟೆ ಉಂಟು, ಸಿಗ್ನಲ್ ಇಲ್ಲ. ಒಂದು ದಿನ ವಾಕರ್ ಹಿಡಿದು ಅರ್ಧ ದಾಟಿದ್ದಳು, ಲಾರಿಯೊಂದು ಹಾರ್ನ್ ಹೊಡೆಯುತ್ತ ಮೈಮೇಲೇ ಬಂತು. ಹಿಂದಕ್ಕೆ ಸರಿಯುವ ಭರದಲ್ಲಿ ಬಿದ್ದಳು. ಆಮೇಲೆ ಮನೆ ಬಿಟ್ಟು ಹೊರಬರಲಿಲ್ಲ.

“ಕೈ ಹಿಡ್ಕೊಂಡು ದಾಟಿಸ್ತೀನಿ ಬಾರೇ,” ಎಂದು ಆರ್ವಿಡ್ ದಿನಾ ಗೋಗರೆದ.

“ಬಸ್ ಓಡಿಸಿದವಳು ನಾನು. ಒಬ್ಬಳೇ ದಾಟೋದಾದ್ರೆ ದಾಟ್ತೀನಿ, ಇಲ್ದಿದ್ರೆ ಇಲ್ಲೇ ಬಿದ್ದಿರ್ತೀನಿ,” ಎಂದಳು ಅವಳು. ಬಿದ್ದೇ ಇದ್ದಳು. ಕಿಟಕಿಯಲ್ಲಿ ಅವಳ ಮುಖ ಕಂಡಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು.

ಸಿಗ್ನಲ್ ಹಾಕಿಸಿ ಎಂದು ಆರ್ವಿಡ್ ರಸ್ತೆ ಕಚೇರಿಗೆ ಅಲೆದ. ಅಲ್ಲಿ ಹೆಚ್ಚು ಜನ ದಾಟುವುದಿಲ್ಲ, ಆದ್ದರಿಂದ ಸಿಗ್ನಲ್ ಬೇಡ ಎಂದರು ಅವರು. ಸಿಗ್ನಲ್ ಇಲ್ಲ ಅಂತಲೇ ಜನ ದಾಟುತ್ತಿಲ್ಲ ಸ್ವಾಮಿ ಎಂದರೆ ಯಾರ ಕಿವಿಗೂ ಬೀಳಲಿಲ್ಲ. ಟಿವಿಯ ಮುಂದೆ ಒಮ್ಮೆ ಇದನ್ನೇ ವಿವರವಾಗಿ ಹೇಳಿದ. ಅಷ್ಟನ್ನೂ ಕತ್ತರಿಸಿ ಬ್ಯಾಗ್‌ಪೈಪ್ ಊದಿಸಿದರು.

ಆ ಜುಲೈಯಲ್ಲಿ ಸೆಕೆ ಹೊಡೆಯಿತು. ‘ಸೆಕೆಗೆ ಕಿಲ್ಟ್’ ಅಂತ ಬೆಳಗಿನ ಕಾರ್ಯಕ್ರಮ ಮಾಡಲು ಕೋರಿನ್ ಎಂಬ ಟಿವಿ ವರದಿಗಾರ್ತಿ ಫೋನ್ ಮಾಡಿದಳು. ಅವನು ನನ್ನ ಅಂಗಡಿಯಲ್ಲೇ ಕೂತು ಮಾತಾಡಿದ.

“ಬರ್ತೀನಮ್ಮ. ಆದ್ರೆ ನೇರ ಪ್ರಸಾರ ಆಗ್ಬೇಕು. ನಮ್ಮನೆ ಮುಂದಿನ ಮೂಲೇಲೇ ಆಗ್ಬೇಕು. ಒಳಗೇನಿದೆ ಅನ್ನೋದನ್ನೂ ಹೇಳ್ತೀನಿ, ಆಯ್ತಾ?”

ಅವಳು ಕುಣಿದಾಡಿರಬೇಕು. ನಾನು ಬಾಯಿಬಿಟ್ಟುಕೊಂಡು ನೋಡಿದೆ. ಅವನು ಬನ್ ಮುರಿದು ತಿನ್ನುತ್ತ ಕೂತ.

ಕಾರ್ಯಕ್ರಮದ ದಿನ ಬೆಳಿಗ್ಗೆ ನನ್ನ ಅಂಗಡಿಯ ಟಿವಿ ಮುಂದೆ ಕಾಲಿಡಲು ಜಾಗವಿರಲಿಲ್ಲ. ಬ್ಯಾಗ್‌ಪೈಪ್ ಊದಿತು. ಜೇಬು, ನೆರಿಗೆ, ಗಾಳಿಯ ಮಾತೆಲ್ಲ ಮುಗಿದು, ಕೋರಿನ್ ಕಣ್ಣು ಮಿಟುಕಿಸಿದಳು. “ಸರಿ ಸರ್, ಎಲ್ರೂ ಕಾಯ್ತಿದಾರೆ. ಒಳಗೇನಿದೆ?”

“ಹೇಳ್ದೆ ಹೋಗಲ್ಲ,” ಎಂದ ಆರ್ವಿಡ್. “ಆದ್ರೆ ಇಲ್ಲಲ್ಲ, ಆ ಕಡೆ. ಈಜುಕೊಳದ ಬಾಗಿಲಲ್ಲಿ. ನಡೀರಿ, ಪಟ್ಟೆ ಮೇಲೇ ಹೋಗೋಣ.”

ಅವಳು ನಗುತ್ತ ಕಾಲಿಟ್ಟಳು. ಕಾರೊಂದು ಸೊಂಯ್ ಎಂದು ಹೋಯಿತು, ಹಿಂದೆ ಸರಿದಳು. ಮತ್ತೆ ಕಾಲಿಟ್ಟಳು. ಲಾರಿಯ ಹಾರ್ನಿಗೆ ಬ್ಯಾಗ್‌ಪೈಪ್ ಕೂಡ ಕೇಳಿಸದಂತಾಯಿತು. ಸ್ಟುಡಿಯೋದವರು ಮೊದಮೊದಲು ನಕ್ಕರು, ಆಮೇಲೆ ‘ಹುಷಾರು ಕೋರಿನ್’ ಎಂದರು. ಯಾವ ಗಾಡಿಯೂ ನಿಲ್ಲಲಿಲ್ಲ. ಕೋರಿನ್ ಮೈಕು ಎದೆಗೊತ್ತಿಕೊಂಡು ನಿಂತಳು.

“ಇಲ್ಲಿ ಜನ ಹೇಗ್ರೀ ದಾಟ್ತಾರೆ?”

“ದಾಟಲ್ಲ,” ಎಂದ ಆರ್ವಿಡ್. “ನನ್ನ ಹೆಂಡ್ತಿ ನೋಡಿ, ಆ ಕಿಟಕೀಲಿ ಕೂತಿದಾಳೆ.”

ಕ್ಯಾಮೆರಾ ಕಿಟಕಿಯತ್ತ ತಿರುಗುವಷ್ಟರಲ್ಲಿ ಸಮಯ ಮುಗಿಯಿತು. ಆದರೆ ಟಿವಿಯವಳಿಗೇ ರಸ್ತೆ ದಾಟಲಾಗದ್ದನ್ನು ಜಿಲ್ಲೆಗೆ ಜಿಲ್ಲೆಯೇ ನೋಡಿತ್ತು. ಒಳಗೇನಿದೆ ಎಂದು ತಿಳಿಯದ ಸಿಟ್ಟಿಗೋ ಏನೋ, ಜನ ರಸ್ತೆ ಕಚೇರಿಗೆ ಫೋನ್ ಮಾಡಿ ಮಾಡಿ ಅವರ ಪ್ರಾಣ ತಿಂದರು. ಮುಂದಿನ ವಸಂತಕ್ಕೆ ಸಿಗ್ನಲ್ ಕಂಬ ಎದ್ದಿತು, ಒತ್ತಿದರೆ ಗಾಡಿಗಳನ್ನು ನಿಲ್ಲಿಸುವ ಗುಂಡಿಯೂ ಅದಕ್ಕೆ ಬಂತು.

ಸಿಗ್ನಲ್ ಶುರುವಾದ ದಿನ ಕೋರಿನ್ ಮತ್ತೆ ಬಂದಳು. ಮಾರ್ಲಿಸ್ ಈಜುಡುಗೆಯ ಮೇಲೊಂದು ಕೋಟು ತೊಟ್ಟು ಇಳಿದು ಬಂದಳು. ಗಂಡನಿಗೆ ಬೆರಳು ತೋರಿಸಿ, “ನೀನು ಇಲ್ಲೇ ನಿಂತಿರು. ಒಂದು ಹೆಜ್ಜೆ ಇಟ್ಯೋ, ನೋಡ್ಕೋ!” ಎಂದಳು. ಗುಂಡಿ ಒತ್ತಿದಳು. ಲಾರಿ, ಕಾರು ಎಲ್ಲ ನಿಂತವು. ವಾಕರ್ ದೂಡುತ್ತ ನಿಧಾನವಾಗಿ, ತಲೆಯೆತ್ತಿ ದಾಟಿದಳು. ಆರ್ವಿಡ್‌ನ ಮೊಣಕಾಲು ನಡುಗುತ್ತಿತ್ತು, ಮುಚ್ಚಿಡಲು ಪ್ಯಾಂಟೂ ಇಲ್ಲ. ನನ್ನ ಕಣ್ಣಲ್ಲಿ ನೀರು.

ಕೋರಿನ್ ಅವಳ ಹಿಂದೆಯೇ ಓಡಿದಳು. “ಮೇಡಂ, ಅಂತೂ ಆ ಕಡೆ ಬಂದಾಯ್ತು. ಅವ್ರು ಕೊಟ್ಟ ಮಾತು ನೀವಾದ್ರೂ ನಡೆಸಿ. ಒಳಗೇನಿದೆ?”

“ಅದಿರ್ಲಿ, ನಾನು ದಾಟಿದ್ದು ತೆಗ್ದ್ಯಾ?” ಎಂದಳು ಮಾರ್ಲಿಸ್.

ಕೋರಿನ್ ಕ್ಯಾಮೆರಾದವನ ಮುಖ ನೋಡಿದಳು. ಅವನು ರಸ್ತೆಯ ಈ ಕಡೆ, ನಮ್ಮ ಜೊತೆಯೇ ನಿಂತಿದ್ದ. ಅಷ್ಟು ಹೊತ್ತೂ ಅವನು ತೆಗೆದದ್ದು ಗಾಳಿಗೆ ಹಾರುತ್ತಿದ್ದ ಆರ್ವಿಡ್‌ನ ಕಿಲ್ಟನ್ನು. ಅವನು ತಲೆ ತಗ್ಗಿಸಿದ.

ನನಗೆ ಅವನನ್ನು ಬಯ್ಯಬೇಕೆನಿಸಿತು. ಮಾರ್ಲಿಸ್ ಬಯ್ಯಲಿಲ್ಲ. ವಾಕರ್ ತಿರುಗಿಸಿದಳು, ರಸ್ತೆಯಾಚೆಯಿಂದ ಬಸ್ ಡ್ರೈವರಿನ ದನಿಯಲ್ಲಿ ಕೂಗಿದಳು:

“ಏ ತಮ್ಮಾ, ಕ್ಯಾಮೆರಾ ಈ ಕಡೆ ಹಿಡಿ! ಇನ್ನೊಂದ್ಸಲ ದಾಟ್ತೀನಿ.”

ಗುಂಡಿ ಒತ್ತಿದಳು. ಹೆದ್ದಾರಿಯ ಗಾಡಿಗಳೆಲ್ಲ ಅವಳಿಗಾಗಿ ಮತ್ತೆ ನಿಂತವು.