ನಾನು ಬರೆದ ಅರ್ಧ ನಿಮಿಷ

ಕಳೆದ ಗುರುವಾರ ಬೆಳಿಗ್ಗೆ ಮಿಕ್ಸಿ ನಿಲ್ಲಿಸಿ ತಿರುಗಿ ನೋಡಿದರೆ ಕುರ್ಚಿಯಲ್ಲಿ ಗಂಡ ಇಲ್ಲ. ಬಾತ್‌ರೂಮಿನಲ್ಲಿಲ್ಲ. ಬಾಲ್ಕನಿಯಲ್ಲಿಲ್ಲ. ಮೊಳೆಗೆ ನೇತುಹಾಕಿದ್ದ ಅವರ ಆಫೀಸ್ ಬ್ಯಾಗೂ ಇಲ್ಲ.

ಬಾಗಿಲ ಮೇಲಿನ ಬಝರ್ ಕಿರುಚಬೇಕಿತ್ತು. ಕಿರುಚಲಿಲ್ಲ. ಅದನ್ನು ಮಾಡಿದವಳು ನಾನೇ.

ನಗಬೇಡಿ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು. ಯಜಮಾನರು ಕೇಂದ್ರ ಸರ್ಕಾರದ ಕೆಲಸದಿಂದ ರಿಟೈರ್ ಆಗಿ ಹದಿನೈದು ವರ್ಷ. ಈಗ ಮರೆವಿನ ಕಾಯಿಲೆ. ಎರಡು ಸಲ ಆಫೀಸಿಗೆಂದು ಹೊರಟೇಬಿಟ್ಟಿದ್ದರು. ಬೀಗ ಹಾಕಿದರೆ ಬಾಗಿಲು ಗುದ್ದುತ್ತಾರೆ. ಎಂಟನೇ ಕ್ಲಾಸಿನ ಮೊಮ್ಮಗಳು ಸಿರಿ ಸ್ಕೂಲಿನ ಪ್ರಾಜೆಕ್ಟಿಗೆಂದು ಒಂದು ಪುಟ್ಟ ಎಲೆಕ್ಟ್ರಾನಿಕ್ ಬೋರ್ಡ್ ತಂದಿದ್ದಳು (ಇಸ್ಪೀಟೆಲೆಗಿಂತ ಚಿಕ್ಕದು). "ನನಗೂ ಕಲಿಸೇ" ಅಂದೆ.

ಮೊದಲ ದಿನ ಒಂದು ಲೈಟು ಮಿಣುಕಿಸಿದ್ದಾಯಿತು. ಆಮೇಲೆ ಬಾಗಿಲಿಗೆ ಮ್ಯಾಗ್ನೆಟ್, ಚೌಕಟ್ಟಿಗೆ ಸ್ವಿಚ್ಚು. ಬಾಗಿಲು ತೆರೆದರೆ ಬಝರ್. ವೈರ್ ಜೋಡಿಸಿದ್ದು ನಾನು. ಇಂಗ್ಲಿಷ್ ಬಾರದಿದ್ದರೂ ಅಕ್ಷರ ನೋಡಿ ನೋಡಿ ಅವಳ ಲ್ಯಾಪ್‌ಟಾಪಿನಲ್ಲಿ ಕೋಡ್ ಕುಟ್ಟಿದ್ದೂ ನಾನು.

ಆದರೆ ಹಾಲಿನ ಭಯ್ಯಾ ಬಂದರೂ ಕಿರುಚುತ್ತಿತ್ತು, ಕಸದವನು ಬಂದರೂ ಕಿರುಚುತ್ತಿತ್ತು. ತಲೆ ಚಿಟ್ಟು ಹಿಡಿಯಿತು. ಸಿರಿಯನ್ನು ಕೇಳಿ ಕೋಡ್ ಬದಲಾಯಿಸಿದೆ. ಬಾಗಿಲು ಅರ್ಧ ನಿಮಿಷ ತೆರೆದೇ ಇದ್ದರೆ ಮಾತ್ರ ಕಿರುಚು! ಮರೆವಿನ ಮನುಷ್ಯ ಬಾಗಿಲು ತೆರೆದಿಟ್ಟೇ ಹೋಗುತ್ತಾನೆ ತಾನೇ?

"ಪಕ್ಕಾನಾ ಅಜ್ಜಿ?" ಅಂದಳು.

"ಪಕ್ಕಾ" ಅಂದೆ.

ಗುರುವಾರ ಮೂರು ಮಹಡಿ ಹೇಗೆ ಇಳಿದೆನೋ ಗೊತ್ತಿಲ್ಲ. ಗೇಟಿನ ಗಾರ್ಡ್ ಮೊಬೈಲಿನಲ್ಲಿ ಮುಳುಗಿದ್ದ. ಎದುರಿಗೆ ಮಯೂರ್ ವಿಹಾರ್‌ನ ದೊಡ್ಡ ರಸ್ತೆ, ಯಾರಿಗಾಗಿಯೂ ಬ್ರೇಕ್ ಹಾಕದ ಗಾಡಿಗಳು. ಅವರಿಗೆ ಫೋನ್ ನಂಬರ್ ನೆನಪಿಲ್ಲ, ಮನೆ ನಂಬರ್ ನೆನಪಿಲ್ಲ. ಮೆಟ್ರೋ ಹತ್ತಿಬಿಟ್ಟಿದ್ದರೆ? ನೋಯ್ಡಾ ಕಡೆ ಹುಡುಕಲೋ, ದ್ವಾರಕಾ ಕಡೆ ಹುಡುಕಲೋ?

"ಮಾತಾಜೀ! ಬಾಬೂಜಿ ಇಧರ್ ಹೈಂ!" ಹಣ್ಣಿನ ಭಯ್ಯಾ ಕೂಗಿದ.

ಹಿಂದೆ ಆಫೀಸ್ ಬಸ್ಸು ನಿಲ್ಲುತ್ತಿದ್ದ ಜಾಗದಲ್ಲಿ ಬ್ಯಾಗ್ ಹಿಡಿದು ನಿಂತಿದ್ದರು. ಫುಟ್‌ಪಾತಿನಿಂದ ಎರಡು ಹೆಜ್ಜೆ ರಸ್ತೆಗೆ ಇಳಿದು! ರಟ್ಟೆ ಹಿಡಿದು ಎಳೆದೆ.

"ಎಲ್ಲಿಗ್ರೀ ಹೊರಟಿದ್ದು?"

"ಬಸ್ಸು ಲೇಟು ಇವತ್ತು. ನೀನ್ಯಾಕೆ ಓಡಿ ಬಂದೆ? ಬಾಗಿಲು ಎಳ್ಕೊಂಡೇ ಬಂದಿದೀನಿ ಕಣೇ."

ಮಧ್ಯಾಹ್ನ ಸ್ಕೂಲಿನಿಂದ ಬಂದ ಸಿರಿಗೆ ಬೈದೆ. "ದಂಡದ ಬೋರ್ಡು ನಿಂದು!"

"ಅಜ್ಜಿ, ಬೋರ್ಡ್ ಬಿಲ್ಕುಲ್ ಠೀಕ್ ಹೈ. ಬಾಗಿಲು ಕ್ಲೋಸ್ ಆಯ್ತು, ಅದು ಚುಪ್ ಆಯ್ತು. ನೀವೇ ತಾನೇ ಹಾಗೆ ಬರೆದಿದ್ದು?"

ಅಲ್ಲೇ ಕೂತು ಅರ್ಧ ನಿಮಿಷದ ಸಾಲು ಅಳಿಸಿದೆ. ಈಗ ಯಾರು ಬಂದರೂ ಕಿರುಚುತ್ತದೆ. ಕಿರುಚಲಿ.

ಮೂವತ್ತೈದು ವರ್ಷ ಆಫೀಸಿಗೆ ಹೋದರಲ್ಲ, ಒಂದು ದಿನವೂ ಬಾಗಿಲು ಎಳೆದುಕೊಳ್ಳದೆ ಹೋದವರಲ್ಲ. ಅವರಿಗದು ಇನ್ನೂ ನೆನಪಿದೆ. ನನಗೇ ಮರೆತುಹೋಗಿತ್ತು.

ಹಾಗಾದರೆ ಮರೆವಿನ ಮಾತ್ರೆ ಇನ್ನು ಯಾರು ನುಂಗಬೇಕು, ಹೇಳಿ?