ಹೊಳೆಗೆ ಹಾಕಿದ ರೇಜರ್

ಕಳೆದ ಭಾನುವಾರ ಭದ್ರಾವತಿಗೆ ಹೋಗಿದ್ದೆ. ಗೆಳೆಯ ಜಗದೀಶ ಬಾಗಿಲಲ್ಲೇ ಹೇಳಿದ: "ಪೀಡೆ ಹೋಯ್ತು ಮಾರಾಯ. ಆ ರೇಜರ್‌ನ ಬಿಸಾಕು ಅಂತ ಅಮ್ಮ ಒಂದೇ ಹಟ. ನಾನೇ ಹೋಗಿ ಹೊಳೆಗೆ ಹಾಕಿ ಬಂದೆ."

ಯಾವ ರೇಜರ್ ಅಂತ ಕೇಳಲಿಲ್ಲ. ಅದರಲ್ಲಿ ನಾನೂ ಗಡ್ಡ ಹೆರೆದುಕೊಂಡವನು.

ಕಾಲೇಜಿನ ರಜೆಯಲ್ಲಿ ಇದೇ ಮನೆಯಲ್ಲೇ ಬಿದ್ದಿರುತ್ತಿದ್ದೆ. ಅದು ಜಗದೀಶನ ಅಪ್ಪನಿಗೆ ಕಾರ್ಖಾನೆಯ ಗೆಳೆಯರು ಒಳ್ಳೆಯ ಉಕ್ಕಿನಲ್ಲಿ ಮಾಡಿಕೊಟ್ಟ ಮಡಚುವ ರೇಜರ್. (ಅಂಗಡಿ ಬ್ಲೇಡೆಂದರೆ ಆ ಮನೆಯಲ್ಲಿ ತಾತ್ಸಾರ.) ಹಿತ್ತಿಲ ಕನ್ನಡಿಯ ಮುಂದೆ ಮೊದಲು ಅಪ್ಪ, ಆಮೇಲೆ ಅಣ್ಣ ಮಹೇಶ, ಜಗದೀಶ, ಕೊನೆಗೆ ನಾನು. ನೀರಲ್ಲಿ ಅದ್ದಿ ಒದರಿದರೆ ಕ್ಲೀನ್. ಸಣ್ಣಪುಟ್ಟ ಗಾಯ ಯಾರಿಗೆ ಲೆಕ್ಕ?

ಮೊದಲು ಅಪ್ಪ ಹೋದರು. ಕೆಲವು ವರ್ಷಗಳ ನಂತರ ಮಹೇಶಣ್ಣ. ಇಬ್ಬರಿಗೂ ಲಿವರ್ ಕ್ಯಾನ್ಸರ್. ಹೊಟ್ಟೆ ಊದಿ, ಕೈಕಾಲು ಬತ್ತಿ, ಬಲಪಕ್ಕೆಯನ್ನು ಅಂಗೈಯಲ್ಲಿ ಒತ್ತಿಕೊಂಡೇ ಮಾತಾಡುತ್ತಿದ್ದರು. ಕುಡಿದು ಸತ್ತರು ಅಂದರು ಬೀದಿಯವರು. ಇಬ್ಬರೂ ಒಂದು ಹನಿ ಮುಟ್ಟಿದವರಲ್ಲ. ರೇಜರಿಗೇ ಏನೋ ಮೆತ್ತಿಕೊಂಡಿದೆ ಅಂದರು ಮನೆಯವರು. ಆಮೇಲೆ ಯಾರೂ ಅದನ್ನು ಮುಟ್ಟಲಿಲ್ಲ.

ಮನೆಯವರ ಮಾತು ಪೂರ್ತಿ ಸುಳ್ಳೇ? ಮಹೇಶಣ್ಣನ ರಕ್ತದಲ್ಲಿ ಹೆಪಟೈಟಿಸ್ ಬಿ ಸಿಕ್ಕಿತ್ತು. ಶಿವಮೊಗ್ಗದ ಡಾಕ್ಟರು ಆಗಲೇ ಹೇಳಿದ್ದರು: "ಇದು ರಕ್ತದಿಂದ ರಕ್ತಕ್ಕೆ ಹೋಗತ್ತೆ. ಹುಟ್ಟುವಾಗ ತಾಯಿಯಿಂದ ಬಂತೋ, ರೇಜರ್‌ನಿಂದ ಬಂತೋ, ಈಗ ಹೇಳಕ್ಕಾಗಲ್ಲ. ಕೆಲವರಲ್ಲಿ ವರ್ಷಗಟ್ಟಲೆ ಸುಮ್ನೆ ಕೂತಿರತ್ತೆ. ನೋವಿಲ್ಲ, ಜ್ವರ ಇಲ್ಲ. ಒಳಗೊಳಗೇ ಲಿವರ್ ಕೆಟ್ಟು ಕ್ಯಾನ್ಸರ್ ಆಗ್ಬಹುದು. ಮನೆಯವರೆಲ್ಲ ಟೆಸ್ಟ್ ಮಾಡಿಸ್ಲಿ."

ಡಾಕ್ಟರು ಹೇಳಿದ ಮರುದಿನವೇ ಶಿವಮೊಗ್ಗದ ದುರ್ಗಿಗುಡಿಯ ಲ್ಯಾಬಿಗೆ ಓಡಿದೆ. ರಿಪೋರ್ಟ್ ಬಂತು. ನನಗೆ ಇರಲಿಲ್ಲ. ಲಸಿಕೆ ಹಾಕಿಸಿಕೊಂಡೆ. ಜಗದೀಶ ಮಾತ್ರ ಇವತ್ತು ನಾಳೆ ಅನ್ನುತ್ತಲೇ ಬಂದ.

ಭಾನುವಾರ ಮತ್ತೆ ಕೇಳಿದೆ. "ಬಾರೋ, ನಾನೇ ಕರ್ಕೊಂಡು ಹೋಗ್ತೀನಿ."

"ಇನ್ಯಾಕೆ ಮಾರಾಯ? ರೇಜರ್ರೇ ಇಲ್ವಲ್ಲ."

"ರೇಜರ್‌ನಲ್ಲಿದ್ದದ್ದು ಯಾವತ್ತೋ ಸತ್ತಿರತ್ತೆ. ನಿನ್ನೊಳಗೇ ಇದ್ರೆ?"

"ನನಗೇನಾಗಿದೆ? ಗುಂಡುಕಲ್ಲಿನ ಹಾಗಿದೀನಿ."

ನಗುತ್ತಲೇ ಹಿತ್ತಿಲ ಕನ್ನಡಿಯ ಮುಂದೆ ನಿಂತ. ಅಪ್ಪ, ಅಣ್ಣ ಸರದಿಯಲ್ಲಿ ನಿಲ್ಲುತ್ತಿದ್ದ ಜಾಗ. ಅವನ ಒಂದು ಕೈಯಲ್ಲಿ ಹೊಸ ಪ್ಲಾಸ್ಟಿಕ್ ರೇಜರ್. ಇನ್ನೊಂದು ಕೈ ಬಲಪಕ್ಕೆಯನ್ನು ಒತ್ತಿಕೊಂಡಿತ್ತು.

"ಗ್ಯಾಸ್ ಕಣೋ," ಎಂದ, ನಾನು ಕೇಳುವ ಮೊದಲೇ.

ರೇಜರ್ ಹಾಕಿ ಹೊಳೆಯಿಂದ ವಾಪಸ್ ಬಂದದ್ದು ಜಗದೀಶ ಒಬ್ಬನೇನಾ, ಅವನೊಳಗೆ ಕೂತು ಆ ಪೀಡೆಯೂ ಬಂತಾ?