ಕೈದಿಯ ಸ್ವಂತ ಕೈಬರಹ

ಬೆಳಗಾವಿಯ ಕನ್ನಡ ಸಾಲೆಯಲ್ಲಿ ಮಾಸ್ತರನಾಗಿದ್ದಾಗ ಎರಡು ವರ್ಷ ಜೈಲಿನ ಕೈದಿಗಳಿಗೂ ಅಕ್ಷರ ಕಲಿಸಿದೆ. ವಾರಕ್ಕೆ ಮೂರು ದಿನ, ಸಾಲೆ ಬಿಟ್ಟ ಮೇಲೆ. ನಾಲ್ಕೂವರೆಗೆ ಗೇಟು, ನಾಲ್ಕೂಮುಕ್ಕಾಲಿಗೆ ಪಾಠ, ಐದೂಮುಕ್ಕಾಲಿಗೆ ಪಾಟಿಗಳನ್ನು ಎಣಿಸಿ ಒಪ್ಪಿಸುವುದು. ಒಂದು ದಿನವೂ ತಡವಾಗಿ ಹೋಗಲಿಲ್ಲ. ಜಮಖಾನೆ ನೇಯುವ ಕೋಣೆಯ ಪಡಸಾಲೆಯಲ್ಲಿ ಹನ್ನೆರಡು ಮಂದಿ ಸಾಲಾಗಿ ಕೂಡುತ್ತಿದ್ದರು. ಬಣ್ಣದ ನೂಲು ಹಿಡಿದ ಕೈ ತೊಳೆಯದೆ ಯಾರೂ ಪಾಟಿ ಮುಟ್ಟುವಂತಿರಲಿಲ್ಲ. ಅದು ನಾನು ಮಾಡಿದ ನಿಯಮ.

ಅವರಲ್ಲೊಬ್ಬ ಖಾನಾಪುರದಾಚೆ ಗುಂಜಿಯ ಹತ್ತಿರದ ಹಳ್ಳಿಯವನು. ಎಮ್ಮೆ ಕಾಯ್ದು ಬೆಳೆದವನು, ಮೂವತ್ತರ ಆಸುಪಾಸು. ಹೊಲದ ಬದುವಿನ ಜಗಳದಲ್ಲಿ ದಾಯಾದಿಯ ತಲೆ ಒಡೆದು ಒಳಗೆ ಬಂದಿದ್ದ. ಬಿಡುಗಡೆಗೆ ಇನ್ನೂ ಒಂದು ವರ್ಷದ ಮೇಲಿತ್ತು. ಅಷ್ಟರಲ್ಲಿ ಅದೇ ಕಡೆಯಿಂದ ಬಂದ ಹೊಸ ಕೈದಿಯೊಬ್ಬ ಸುದ್ದಿ ತಂದ: ಇವನ ಹೆಂಡತಿಯನ್ನು ಬೇರೊಬ್ಬನಿಗೆ ಉಡಿಕೆ, ಅಂದರೆ ಎರಡನೆಯ ಮದುವೆ, ಮಾಡಿ ಕೊಡಲು ಅವಳ ಅಣ್ಣಂದಿರು ಮಾತು ನಡೆಸಿದ್ದಾರೆ.

"ಮಾಸ್ತರ್ರೀ, ಮುಂದಿನ ವರ್ಷದ ಶಿಮಗಿ ಹಬ್ಬಕ್ಕ ನನ್ನ ಬಿಡತಾರ. ಅಲ್ಲೀತನಕ ತಡಿ ಅಂತ ಆಕಿಗೆ ಕಾಗದ ಹಾಕಬೇಕ್ರಿ," ಎಂದ.

ಕೈದಿಗೆ ಮೂರು ತಿಂಗಳಿಗೆ ಒಂದೇ ಕಾಗದ. ಅದನ್ನು ಜೈಲಿನ ಕಾರಕೂನರು ಬರೆದುಕೊಡುತ್ತಿದ್ದರು.

ಬಾಜೂಕ್ಕೆ ಕುಳಿತವನು ನಕ್ಕ. "ಕಾರಕೂನರ ಮುಂದ ಹೆಂಡ್ತಿ ಸುದ್ದಿ ಬರಸ್ತಾನಂತ! ಸಂಜೀಕ ಇಡೀ ಬರಾಕಿಗೆ ಗೊತ್ತಾಕ್ಕತಿ ನೋಡಪಾ, ವರಾ ಹುಡುಕಾಕ ನಾವೂ ಬರತೀವಿ."

ಕಾಗದ ಕೇಳಿದವನು ತಲೆ ಎತ್ತಲಿಲ್ಲ. ಆಗ ನಾನು ಹೇಳಿದೆ: "ಮತ್ತೊಬ್ಬರ ಕೈಲೆ ಯಾಕ ಬರಸ್ತಿ? ಇನ್ನ ಮೂರು ತಿಂಗಳ ತಡಿ. ನೀನ ಬರಿ."

ಅವನ ಮರ್ಯಾದೆ ಉಳಿಸಲು ಹೇಳಿದೆನೆಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ನಿಜವೆಂದರೆ, ನನ್ನ ಕೈದಿಯೊಬ್ಬ ತಾನೇ ಬರೆದ ಕಾಗದವನ್ನು ಜೈಲಿನ ಸಾಹೇಬರ ಮೇಜಿನ ಮೇಲೆ ಇಡಬೇಕೆಂಬ ಆಸೆ ನನಗಿತ್ತು. ಅವನು ನನ್ನ ಮಾತು ನಂಬಿ ಆ ಸಲದ ಸರತಿ ಬಿಟ್ಟ.

ಮೂರು ತಿಂಗಳು ಹಟ ಹಿಡಿದು ಕಲಿತ. ಕೊನೆಗೆ ಒಂಬತ್ತು ಸಾಲು ಬರೆದ. ನಾನು ಗೆರೆ ಎಳೆದುಕೊಟ್ಟು, ತಪ್ಪು ತಿದ್ದಿ, ಮೂರು ಸಲ ನಕಲು ಮಾಡಿಸಿದೆ. ಸಾಹೇಬರು ನೋಡಿ ಮೆಚ್ಚಿದರು. ಕಾಗದ ಹೋಯಿತು. ಉತ್ತರ ಬರಲಿಲ್ಲ.

ಮುಂದೆ ಖಾನಾಪುರದಲ್ಲಿ ನಮ್ಮ ಮಾಸ್ತರರ ಸಭೆಯಾಯಿತು. ಅದು ಮುಗಿದ ಮರುದಿನ, ಯಾರಿಗೂ ಹೇಳದೆ, ರೈಲು ಹತ್ತಿ ಗುಂಜಿಯಲ್ಲಿಳಿದು ಅವನ ಹಳ್ಳಿಗೆ ನಡೆದೆ. ಕೈದಿಯ ತಂದೆ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ. ಬೆಳಗಾವಿಯ ಜೈಲಿನಲ್ಲಿ ಕಲಿಸುವ ಮಾಸ್ತರ ಎಂದೊಡನೆ ಎದ್ದು, "ಬರ್ರಿ, ಕುಂದರ್ರಿ," ಎಂದು ಕಂಬಳಿ ಹಾಸಿದ. ಒಳಗಿನ ಗೋಡೆಯ ಮಾಡದಿಂದ ಕಾಗದ ತಂದು ನನ್ನ ಕೈಗಿಟ್ಟ.

"ಓದಿ ಹೇಳ್ರಿ. ಯಾರೂ ಓದಿಲ್ಲ."

"ಯಾಕ?"

"ನಮ್ಮೂರಾಗ ಓದಾಂವ ಅಂದ್ರ ಅಂಗಡಿ ಶೇಟ್ಜಿ ಒಬ್ಬನ. ಅವಂಗ ಮೋಡಿ ಅಕ್ಷರ ಅಷ್ಟ ಬರತೈತಿ. ಮೊದಲಿನ ಕಾಗದ ಎಲ್ಲಾ ಮೋಡ್ಯಾಗ ಇರತಿದ್ದೂ, ಪಟಪಟ ಓದತಿದ್ದ. ಇದನ್ನ ನೋಡಿ, ಇದು ಕಾನಡಿ ಅಕ್ಷರ, ನನಗ ತಿಳಿಯೂದಿಲ್ಲ ಅಂದಾ."

ಆ ಸೀಮೆಯಲ್ಲಿ ಮನೆಯಲ್ಲಿ ಒಂದು, ಹೊಲದಲ್ಲಿ ಒಂದು ಎಂಬಂತೆ ಕನ್ನಡ, ಮರಾಠಿ ಎರಡೂ ಭಾಷೆ ಎಲ್ಲರ ಬಾಯಲ್ಲಿವೆ. ಕಾರಕೂನರು ಮರಾಠಿಯನ್ನು ಮೋಡಿ ಅಕ್ಷರದಲ್ಲಿ ಬರೆಯುತ್ತಿದ್ದರು, ಅದು ಮುಟ್ಟುತ್ತಿತ್ತು. ಊರಲ್ಲಿ ಯಾರು ಓದುತ್ತಾರೆ, ಯಾವ ಅಕ್ಷರ ಓದುತ್ತಾರೆ ಎಂದು ನಾನು ಕೇಳಿಯೇ ಇರಲಿಲ್ಲ.

"ಖಾನಾಪುರಕ್ಕ ಒಯ್ದು ಓದಿಸಬಾರದಿತ್ತ?"

"ಜೇಲಿನ ಕಾಗದ ಹಿಡಕೊಂಡು ಪ್ಯಾಟ್ಯಾಗ ಯಾರ ಮುಂದ ನಿಂದರೂದ್ರಿ?" ಮುದುಕ ಹಗ್ಗದ ತುದಿ ಬೆರಳಿಗೆ ಸುತ್ತಿಕೊಂಡ. "ನಡುವ ಒಂದ ಕಾಗದ ಬರಲೇ ಇಲ್ಲ. ಬಂದದ್ದು ತಿಳೀಲಿಲ್ಲ. ಸ್ವಸಿ ಎರಡ ಅಮಾಸಿ ಕಾದ್ಳು ಪಾಪ. ಅಣ್ಣದೇರು ಬಂದು ಕರಕೊಂಡ ಹೋದ್ರು. ಉಡಿಕಿ ಆತು."

ನಾನು ಒಂಬತ್ತೂ ಸಾಲು ಓದಿದೆ. "ತಡಿ" ಎಂದು ಎರಡು ಕಡೆ ಬರೆದಿದ್ದ. ಮುದುಕ ಕಾಗದಕ್ಕೆ ಮುಖ ತಂದು, "ಖರೇನ ಅವನ ಬರದಾನೇನ್ರಿ? ಎಷ್ಟ ಸಾಫ ಐತಿ," ಎಂದ.

ಮುಂದಿನ ಪಾಠದ ದಿನ ಅವನನ್ನು ಬದಿಗೆ ಕರೆದು ಇದ್ದದ್ದನ್ನು ಹೇಳಿದೆ.

"ನಾ ಹೆಡ್ಡ ಮನಷ್ಯಾ, ಮಾಸ್ತರ್ರೀ. ಓದು ಬಂದಾಂವಗ ಎಲ್ಲಾ ಅಕ್ಷರಾನೂ ಬರತಾವ ಅಂತ ತಿಳಕೊಂಡಿದ್ದೆ. ನಿಮಗ ಗೊತ್ತಿತ್ತಲ್ರೀ."

ಅವನು ಪಾಟಿ ಒರೆಸಿ ನನ್ನ ಕೈಗೆ ಕೊಟ್ಟು ಮಗ್ಗಕ್ಕೆ ಹೋದ. ಮತ್ತೆ ಪಾಠಕ್ಕೆ ಬರಲಿಲ್ಲ. ಕರೆಯುವ ಮುಖ ನನಗಿರಲಿಲ್ಲ. ಶಿಮಗಿ ಮುಗಿದ ವಾರ ಅವನನ್ನು ಬಿಟ್ಟರು. ಸಹಿ ಮಾಡಲು ಬರುತ್ತದೆಂದು ಗೊತ್ತಿದ್ದ ವಾರ್ಡರನು ಬಿಡುಗಡೆಯ ಪುಸ್ತಕ ತೆರೆದು ಮಸಿಯ ಟಾಕು ಮುಂದೆ ಹಿಡಿದನಂತೆ. ಅವನು ಟಾಕನ್ನು ಬದಿಗೆ ಸರಿಸಿ ಹೆಬ್ಬೆಟ್ಟು ಒತ್ತಿ ಹೋದನಂತೆ.